ಈ ಹುಳ ಹಣ್ಣಾದ್ರೆ ಹಳದಿ ಆಗಲ್ಲ

ಒಂದು ಮಾತು ಎಂಟು ತಿಂಗಳಿಂದ ತಲೇಲಿ ಕೂತ್ಬಿಟ್ಟಿದೆ. "ಹನ್ನೆರಡು ವರ್ಷ ಜಾವಾ ಬರ್ದಿದ್ದೀರ, ನಿಮಗೆ ಗೋ ಕಲಿಯೋದು ಏನ್ ಮಹಾ, ಸಿಂಟ್ಯಾಕ್ಸ್ ಅಷ್ಟೇ ತಾನೇ ಬೇರೆ, ಎರಡು ವಾರ ಸಾಕಲ್ವಾ" ಅಂತ ಮೀಟಿಂಗಲ್ಲಿ ಕೇಳಿದ್ರು. (ಜಾವಾ, ಗೋ ಎರಡೂ ಕಂಪ್ಯೂಟರ್ ಪ್ರೋಗ್ರಾಂ ಬರೆಯೋ ಭಾಷೆಗಳು, ಸಿಂಟ್ಯಾಕ್ಸ್ ಅಂದ್ರೆ ಅವುಗಳ ವ್ಯಾಕರಣ.) ನಾನು ಹೂಂ ಅಂದೆ. ಮುಲಾಜಿಗೆ ಅಂದಿದ್ದಲ್ಲ, ನಾನೂ ಹಾಗೇ ನಂಬಿದ್ದೆ. ಇಂಟರ್‌ವ್ಯೂ ತಗೊಳ್ಳೋವಾಗ ಎಷ್ಟೋ ಹುಡುಗ್ರಿಗೆ ನಾನೇ ಹೇಳಿದ್ದೀನಿ, ಒಂದು ಭಾಷೆ ಗಟ್ಟಿಯಾಗಿ ಕಲೀರಿ, ಮಿಕ್ಕಿದ್ದು ತಾನಾಗೇ ಬರುತ್ತೆ ಅಂತ. ಈಗ ಆ ಮಾತನ್ನ ವಾಪಸ್ ತಗೋಬೇಕು ಅನ್ನಿಸ್ತಿದೆ. ಪೂರ್ತಿ ಸುಳ್ಳು ಅಂತಲ್ಲ, ಆದ್ರೆ ಅದ್ರಲ್ಲಿ ಒಂದು ದೊಡ್ಡ ಭಾಗ ಬಿಟ್ಟು ಹೋಗಿದೆ, ಆ ಬಿಟ್ಟು ಹೋಗಿದ್ದೇ ನನ್ನನ್ನ ಎಂಟು ತಿಂಗಳು ಸುಸ್ತು ಮಾಡ್ಸಿದ್ದು.

ಗೋ ಗೊತ್ತಿರೋರಿಗೆ ಹೊಸದಾಗಿ ಹೇಳೋದೇನಿಲ್ಲ. 2007ರಲ್ಲಿ ಗೂಗಲ್ ಒಳಗೆ ಮೂರು ಜನ ಶುರು ಮಾಡಿದ್ದು, ಅದ್ರಲ್ಲಿ ಒಬ್ರು ಯುನಿಕ್ಸ್ ಬರೆದ ಕೆನ್ ಥಾಂಪ್ಸನ್ನು. 2009ರಲ್ಲಿ ಹೊರಗೆ ಬಂತು, 2012ರಲ್ಲಿ 1.0 ಆಯ್ತು. ಬೇಕು ಅಂತಲೇ ಚಿಕ್ಕದಾಗಿಟ್ಟಿರೋ ಭಾಷೆ, ಬರೀ 25 ಕೀವರ್ಡು, ಅಂದ್ರೆ ಭಾಷೆ ತನಗೇ ಮೀಸಲಿಟ್ಕೊಂಡಿರೋ ಪದ. ಜಾವಾಗೆ 2004ರಲ್ಲೇ ಬಂದಿದ್ದ ಜೆನೆರಿಕ್ಸು (ಒಂದೇ ಕೋಡನ್ನ ಬೇರೆ ಬೇರೆ ಥರದ ಡೇಟಾಗೆ ಬಳಸೋ ಅನುಕೂಲ) ಇದಕ್ಕೆ 2022ರವರೆಗೂ ಇರ್ಲಿಲ್ಲ. ಆ ಚಿಕ್ಕತನಾನೇ ನಂಬಿಸಿಬಿಡುತ್ತೆ. ನಾಲ್ಕು ದಿನದಲ್ಲಿ ಸಿಂಟ್ಯಾಕ್ಸ್ ಮುಗೀತು, ಐದನೇ ದಿನ ಒಂದು ಚಿಕ್ಕ ಸರ್ವೀಸ್ (ಬೇರೆ ಪ್ರೋಗ್ರಾಂ ಕೇಳಿದ್ದಕ್ಕೆ ಉತ್ತರ ಕೊಡೋ ಪ್ರೋಗ್ರಾಂ) ಬರೆದೆ, ಓಡ್ತು, ಸಂಜೆ ಮನೆಗೆ ಫೋನ್ ಮಾಡಿ ಖುಷಿಯಾಗಿ ಮಾತಾಡಿದ್ದೂ ನೆನಪಿದೆ. ತೊಂದರೆ ಶುರುವಾಗಿದ್ದು ಅದಾದ್ಮೇಲೆ.

ಯಾರು ಬಳಸ್ತಾರೆ?

ಮೊದಲನೇ ದೊಡ್ಡ ಕೋಡನ್ನ ರಿವ್ಯೂಗೆ ಹಾಕಿದೆ. ನೋಡ್ದೋನು ಸಿರಾ ಕಡೆ ಹುಡುಗ, ನನಗಿಂತ ಏಳು ವರ್ಷ ಚಿಕ್ಕೋನು, ಟೀಮಲ್ಲಿ ಕನ್ನಡ ಮಾತಾಡೋರು ನಾವಿಬ್ರೇ ಆಗಿರೋದ್ರಿಂದ ನನ್ನ ಅಕ್ಕ ಅಂತಲೇ ಕರೆಯೋದು. ಕೆಲಸಕ್ಕೆ ಸೇರಿದಾಗಿಂದ ಗೋ ಬಿಟ್ಟು ಬೇರೆ ಬರೆದಿಲ್ಲ ಅವ್ನು. ಅವತ್ತು ಅವ್ನು ತಪ್ಪು ಅಂತ ಒಂದು ಕಡೆನೂ ಬರೀಲಿಲ್ಲ. ಒಂದೇ ಪ್ರಶ್ನೆನ ಐದು ಕಡೆ ಕೇಳಿದ್ದ: "ಅಕ್ಕ, ಈ ಇಂಟರ್ಫೇಸನ್ನ ಯಾರು ಬಳಸ್ತಾರೆ?"

ಇಂಟರ್ಫೇಸ್ ಅಂದ್ರೆ ಒಂದು ವಸ್ತುವಿಗೆ ಯಾವ್ಯಾವ ಕೆಲಸ, ಅಂದ್ರೆ ಮೆಥಡ್, ಬರ್ಬೇಕು ಅನ್ನೋ ಪಟ್ಟಿ. ನಾನು ಪ್ರತಿಯೊಂದು ಸ್ಟ್ರಕ್ಟಿಗೂ (ಡೇಟಾನ ಒಟ್ಟಿಗೆ ಇಡೋ ಕಟ್ಟು) ಮೊದಲು ಒಂದು ಇಂಟರ್ಫೇಸ್ ಬರೆದು, ಆಮೇಲೆ ಅದೇ ಹೆಸರಿಗೆ ಇಂಪ್ಲ್ ಅಂತ ಬಾಲ ಸೇರಿಸಿ ಇನ್ನೊಂದು ಬರೆದಿದ್ದೆ. ಪ್ರತಿ ಫೀಲ್ಡಿಗೂ ಅದನ್ನ ಓದಿ ಕೊಡೋಕೆ ಒಂದು ಗೆಟ್ಟರು. ಯುಟಿಲ್ ಅಂತ ಒಂದು ಪ್ಯಾಕೇಜು. ವಸ್ತು ಮಾಡೋಕೆ ಫ್ಯಾಕ್ಟರಿ, ಫ್ಯಾಕ್ಟರಿಗೆ ಇನ್ನೊಂದು ಇಂಟರ್ಫೇಸು. ಯಾಕೆ ಅಂತ ಯಾವತ್ತೂ ಕೇಳ್ಕೊಂಡಿರ್ಲಿಲ್ಲ, ಬೆರಳು ತಾನಾಗೇ ಬರೀತಿತ್ತು. ಜಾವಾದಲ್ಲಿ ಅದಕ್ಕೆ ಅರ್ಥ ಇದೆ: ಒಂದು ಕ್ಲಾಸು (ಗೋದ ಸ್ಟ್ರಕ್ಟಿನ ಥರದ್ದು) ನಾನು ಇಂಥಾ ಇಂಟರ್ಫೇಸಿನೋನು ಅಂತ ಹುಟ್ಟುವಾಗ್ಲೇ ಹೇಳ್ಕೋಬೇಕು, ಆಮೇಲೆ ಸೇರಿಸ್ಬೇಕಂದ್ರೆ ಆ ಕ್ಲಾಸನ್ನೇ ತಿದ್ದಬೇಕು, ಅದು ಬೇರೆಯವ್ರ ಲೈಬ್ರರಿ ಆಗಿದ್ರೆ ತಿದ್ದೋಕೂ ಆಗಲ್ಲ, ಅದಕ್ಕೇ ಮುಂದೆ ಬೇಕಾಗ್ಬೋದು ಅಂತ ಮೊದಲೇ ಬರೆದಿಡ್ತೀವಿ. ಗೋದಲ್ಲಿ ಹಾಗೆ ಘೋಷಣೆ ಮಾಡೋದೇ ಇಲ್ಲ, ಬೇಕಾದ ಮೆಥಡ್‌ಗಳು ಇದ್ರೆ ಸಾಕು, ಅದು ಆ ಇಂಟರ್ಫೇಸಿಗೆ ಸರಿ ಹೊಂದುತ್ತೆ. ಹಾಗಾಗಿ ಇಂಟರ್ಫೇಸ್ ಬರೆಯೋನು ಕೊಡೋನಲ್ಲ, ತಗೊಳ್ಳೋನು. ಅವ್ನಿಗೆ ಬೇಕಾದಾಗ, ಅವ್ನ ಫೈಲಲ್ಲಿ, ಒಂದೋ ಎರಡೋ ಮೆಥಡ್ಡಿಗೆ ಬರ್ಕೋತಾನೆ. "ಯಾರು ಬಳಸ್ತಾರೆ" ಅಂದಿದ್ದು ಅದಕ್ಕೇ. ನನ್ನ ಐದೂ ಇಂಟರ್ಫೇಸನ್ನ ಬಳಸೋರು ಯಾರೂ ಇರ್ಲಿಲ್ಲ.

ಅವತ್ತು ರಾತ್ರಿ ಎಲ್ಲಾ ತೆಗೆದೆ. 600 ಸಾಲಿದ್ದಿದ್ದು 240ಕ್ಕೆ ಬಂತು. ನೋವಾಯ್ತು ಅಂತಲೇ ಹೇಳ್ಬೇಕು, ಯಾಕಂದ್ರೆ ಆ 360 ಸಾಲು ಸೋಮಾರಿತನದ ಸಾಲಲ್ಲ, ಅಚ್ಚುಕಟ್ಟಾಗಿ ಬರೀಬೇಕು ಅಂತ ವರ್ಷಗಟ್ಟಲೆ ಕಲಿತಿದ್ದು, ಕಲಿಸಿದ್ದು.

ನಾವು ಅಂದ್ರೆ ಯಾರು

ಸ್ವಲ್ಪ ಆ ಕಡೆ ಹೋಗಿ ಬರ್ತೀನಿ. ನಮ್ಮದು ಶಿಡ್ಲಘಟ್ಟ ತಾಲ್ಲೂಕು. ನಾನು ಹುಟ್ಟಿದಾಗ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ. ನಮ್ಮ ಕಡೆಯೋರಿಗೆ ಗೊತ್ತಿರೋದೇ, ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಅಂಗಡಿ ಬೀದೀಲಿ ಎರಡೂ ಕಲಸಿದ್ದು. ತೆಲುಗಲ್ಲಿ ನಾವು ಅನ್ನೋಕೆ ಎರಡು ಮಾತಿದೆ. ಮೇಮು ಅಂದ್ರೆ ನಿನ್ನ ಬಿಟ್ಟು ನಾವು, ಮನಮು ಅಂದ್ರೆ ನೀನೂ ಸೇರಿ ನಾವು. ಕನ್ನಡದಲ್ಲಿ ಒಂದೇ ನಾವು. ಮೂರನೇ ಕ್ಲಾಸಲ್ಲೋ ನಾಲ್ಕನೇ ಕ್ಲಾಸಲ್ಲೋ, ಟೌನಿಂದ ಹೊಸದಾಗಿ ಬಂದಿದ್ದ ಗೆಳತಿ ಒಬ್ಳಿಗೆ "ಭಾನುವಾರ ನಾವು ಜಾತ್ರೆಗೆ ಹೋಗ್ತೀವಿ" ಅಂದೆ. ನನ್ನ ತಲೇಲಿ ಇದ್ದಿದ್ದು ಮೇಮು. ಅವಳಿಗೆ ಕೇಳಿಸಿದ್ದು ತಾನೂ ಸೇರಿ. ಭಾನುವಾರ ಬೆಳಿಗ್ಗೆ ಹಸಿರು ಲಂಗ ಹಾಕ್ಕೊಂಡು, ತಲೆ ತುಂಬಾ ಕನಕಾಂಬರ ಮುಡ್ಕೊಂಡು ನಮ್ಮನೆ ಬಾಗಿಲಿಗೆ ಬಂದು ನಿಂತಿದ್ಳು. ಗಾಡೀಲಿ ಜಾಗ ಇರ್ಲಿಲ್ಲ. ಅಮ್ಮ ಹೇಗೋ ಒತ್ತರಿಸಿ ಕೂರಿಸ್ಕೊಂಡ್ಳು ಅನ್ನಿ, ಆದ್ರೆ ಅವಳು ಬಾಗಿಲಲ್ಲಿ ನಿಂತಿದ್ದ ಆ ಒಂದು ನಿಮಿಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗೋದಲ್ಲಿ ಎರರ್ ಹ್ಯಾಂಡ್ಲಿಂಗ್ ಬರೆಯೋಕೆ ಕೂತಾಗೆಲ್ಲಾ ಅದು ನೆನಪಾಗ್ತಿತ್ತು. ಜಾವಾದಲ್ಲಿ ಎಕ್ಸೆಪ್ಷನ್, ಅಂದ್ರೆ ಕೋಡ್ ಓಡೋವಾಗ ಏನೋ ಕೆಟ್ಟಿತು ಅನ್ನೋ ಸೂಚನೆ, ಎರಡು ಥರ: ಹಿಡಿಯಲೇಬೇಕು ಇಲ್ಲಾ ಮೇಲಕ್ಕೆ ಕಳಿಸ್ತೀನಿ ಅಂತ ಮೆಥಡ್ಡಿನ ಸಹಿನಲ್ಲೇ (ಅದರ ಮೊದಲ ಸಾಲಲ್ಲೇ) ಬರೀಬೇಕು ಅನ್ನೋ ಚೆಕ್ಡ್ ಒಂದು, ಯಾವಾಗ ಬೇಕಾದ್ರೂ ಹಾರಿಬರೋ ರನ್‌ಟೈಮ್ ಒಂದು. ಮೆಥಡ್ಡಿನ ಸಹಿ ನೋಡಿದ್ರೇ ಇಲ್ಲಿ ಏನು ಹೋಗ್ಬೋದು ಅಂತ ಅಂದಾಜು ಸಿಗ್ತಿತ್ತು. ಗೋದಲ್ಲಿ ಎರರ್ ಅನ್ನೋದು ಬರೀ ಒಂದು ವ್ಯಾಲ್ಯೂ, ಫಂಕ್ಷನ್ ವಾಪಸ್ ಕೊಡೋ ಎರಡನೇ ವಸ್ತು, ಫೈಲ್ ಸಿಗ್ದಿದ್ರೂ ಅದೇ, ಬ್ಯಾಂಕ್ ಸರ್ವರ್ ಸತ್ರೂ ಅದೇ. ನನ್ನ ಭಾಷೆ ಮಾಡ್ತಿದ್ದ ಭೇದ ಇಲ್ಲಿ ಇಲ್ಲ. ಇಲ್ಲ ಅಂದ್ಮೇಲೆ ನಾನೇ ಬಾಯಿ ಬಿಟ್ಟು ಹೇಳ್ಬೇಕು: ಯಾವ ಆರ್ಡರ್, ಯಾವ ಬ್ಯಾಂಕು, ಎಷ್ಟನೇ ಪ್ರಯತ್ನ, ಮತ್ತೆ ಟ್ರೈ ಮಾಡ್ಬೋದಾ ಬೇಡ್ವಾ ಅಂತ ಪ್ರತಿ ಹಂತದಲ್ಲೂ ಎರರನ್ನ ಸುತ್ತಿ ಸುತ್ತಿ ಮೇಲಕ್ಕೆ ಕಳಿಸ್ಬೇಕು. ಹಾಗೆ ಸುತ್ತೋಕೆ ಭಾಷೆ ಜೊತೆ ಬರೋ ಲೈಬ್ರರೀಲೇ ಒಂದು ದಾರಿ ಬಂದಿದ್ದು 2019ರಲ್ಲಿ, 1.13ನೇ ವರ್ಷನ್ನಲ್ಲಿ. ಮೊದಲ ತಿಂಗಳು ನಾನು ಎರರ್ ನಿಲ್ (ಖಾಲಿ) ಅಲ್ದಿದ್ರೆ ಹಾಗೇ ಮೇಲಕ್ಕೆ ದಾಟಿಸ್ತಿದ್ದೆ, ಜಾವಾದಲ್ಲಿ ಸ್ಟ್ಯಾಕ್ ಟ್ರೇಸ್ (ಯಾವ ಕೋಡಿಂದ ಯಾವುದಕ್ಕೆ ಹೋಗಿ ಕೆಟ್ಟಿತು ಅನ್ನೋ ಪಟ್ಟಿ) ತಾನಾಗೇ ಎಲ್ಲಾ ಹೇಳುತ್ತಲ್ಲ ಆ ನಂಬಿಕೇಲಿ. ಲಾಗಲ್ಲಿ "ಕನೆಕ್ಷನ್ ರಿಫ್ಯೂಸ್ಡ್" ಅಂತ ಒಂದೇ ಸಾಲು ಬಂತು, ಯಾವ ಕನೆಕ್ಷನ್ನು, ಯಾರ ಹತ್ರ, ಏನೂ ಇಲ್ಲ.

ಇನ್ನೊಂದು ಚಿಕ್ಕದು, ಮುಖ್ಯ ಅಲ್ಲ, ಆದ್ರೂ ಹೇಳ್ತೀನಿ. ಗೋದಲ್ಲಿ ದಿನಾಂಕ ಹೇಗೆ ಕಾಣ್ಬೇಕು ಅಂತ ಹೇಳೋಕೆ ವೈ ವೈ ವೈ ವೈ ಅಂತ ಬರೆಯಲ್ಲ, ಒಂದು ಗೊತ್ತಾದ ಕ್ಷಣಾನ ಬರೀಬೇಕು: 2006 ಜನವರಿ 2, ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡು. ಅಮೆರಿಕದೋರ ಥರ ತಿಂಗಳು ಮೊದಲು ಇಟ್ರೆ 1, 2, 3, 4, 5, 6 ಅಂತ ಸಾಲಾಗಿ ಬರುತ್ತೆ. ದಿನಾಂಕ ಮೊದಲು ಬರೆದು ಬೆಳೆದ ನಮಗೆ ಆ ಸಾಲು ಕಾಣೋದೇ ಇಲ್ಲ. ನಾನು ಇವತ್ತಿಗೂ ಅದನ್ನ ನೋಡ್ಕೊಂಡೇ ಬರೆಯೋದು.

ಆ ರಾತ್ರಿ

ಇಷ್ಟೆಲ್ಲಾ ಆದ್ರೂ ಇವು ಹಗಲು ಹೊತ್ತಿನ ಕಷ್ಟ. ಕೇಳಿದ್ರೆ ಹೇಳೋರಿದ್ರು, ತಿದ್ದಿದ್ರೆ ಸರಿಯಾಗ್ತಿತ್ತು. ಮಾತು ಸುಳ್ಳು ಅಂತ ನನಗೆ ನಿಜವಾಗ್ಲೂ ಗೊತ್ತಾಗಿದ್ದು ನಾಲ್ಕನೇ ತಿಂಗಳು, ಊರಲ್ಲಿದ್ದಾಗ. ವಾರಕ್ಕೆ ಎರಡು ದಿನ ಆಫೀಸು, ಮಿಕ್ಕಿದ್ದು ಊರಿಂದ ಕೆಲಸ. ಮನೇಲಿ ರೇಷ್ಮೆ ಸಾಕ್ತೀವಿ, ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆಗೆ ನಾವು ಜ್ವರ ಅಂತೀವಿ) ಎದ್ದಿತ್ತು, ಅಂದ್ರೆ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇರಲ್ಲ. ಹುಳು ಒಂದು ಬೆಳೇಲಿ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಆ ಕೊನೇ ಒಂದು ವಾರದಲ್ಲೇ ತಿನ್ನೋದು. ರಾತ್ರಿ ಹನ್ನೊಂದೂವರೆಗೆ ಅಮ್ಮ ಕೊನೇ ಸೊಪ್ಪು ಹಾಕಿ ಕಾಲು ತೊಳ್ಕೊಂಡು ಒಳಗೆ ಬಂದ್ಳು, ಅಷ್ಟೊತ್ತಿಗೇ ನನ್ನ ಫೋನಿಗೆ ಅಲರ್ಟು.

ನಮ್ಮ ಸರ್ವೀಸಿನ ಮೆಮೊರಿ ಏರ್ತಿದೆ. 512 ಎಂಬಿ ಲಿಮಿಟ್ಟು, 50 ನಿಮಿಷಕ್ಕೊಂದ್ಸಲ ತುಂಬಿ ಸಾಯುತ್ತೆ, ಮತ್ತೆ ಎದ್ದೇಳುತ್ತೆ, ಮತ್ತೆ ಏರುತ್ತೆ. ಗ್ರಾಫು ಗರಗಸದ ಹಲ್ಲಿನ ಹಾಗೆ. ನೋಡಿದ ತಕ್ಷಣ ಒಂಥರಾ ಸಮಾಧಾನ ಆಯ್ತು, ಯಾಕಂದ್ರೆ ಆ ಗ್ರಾಫನ್ನ ನಾನು 12 ವರ್ಷದಲ್ಲಿ ಎಷ್ಟು ಸಲ ನೋಡಿದ್ದೀನೋ. ಜಾವಾದಲ್ಲಿ ಹಾಗೆ ಏರಿದ್ರೆ ಯಾರೋ ಏನನ್ನೋ ಹಿಡ್ಕೊಂಡು ಬಿಡ್ತಾ ಇಲ್ಲ ಅಂತ ಅರ್ಥ: ಯಾವುದೋ ಸ್ಟ್ಯಾಟಿಕ್ ಮ್ಯಾಪಿಗೆ (ಪ್ರೋಗ್ರಾಂ ಓಡೋವರೆಗೂ ಉಳಿಯೋ ಪಟ್ಟಿ) ಹಾಕ್ತಿದ್ದಾರೆ ತೆಗೀತಿಲ್ಲ, ಇಲ್ಲಾ ಮಿತಿ ಇಲ್ಲದ ಕ್ಯಾಶು (ಮತ್ತೆ ಬೇಕಾಗುತ್ತೆ ಅಂತ ಎತ್ತಿಟ್ಟ ಡೇಟಾ). ಹೀಪ್ ಡಂಪ್ (ಮೆಮೊರೀಲಿ ಏನೇನಿದೆ ಅನ್ನೋದರ ಪೂರ್ತಿ ನಕಲು) ತೆಗಿ, ಯಾವುದು ದೊಡ್ಡದಾಗಿ ಕೂತಿದೆ ನೋಡು, ಅದನ್ನ ಹಿಡಿದಿರೋನ ಹುಡುಕು, ಅರ್ಧ ಗಂಟೆ. ನನ್ನ ಟೀಮಲ್ಲಿ ಈ ಕೆಲಸಕ್ಕೆ ಎಲ್ರೂ ನನ್ನನ್ನೇ ಕರೀತಿದ್ದಿದ್ದು.

ಹಾಗೇ ಮಾಡಿದೆ. ಹೀಪ್ ಪ್ರೊಫೈಲ್, ಅಂದ್ರೆ ಮೆಮೊರಿ ಯಾವುದಕ್ಕೆ ಹೋಗ್ತಿದೆ ಅನ್ನೋ ಲೆಕ್ಕ, ತೆಗೆದೆ. ಹೊರಗಿನ ಒಂದು ಸರ್ವೀಸಿಂದ ಬಂದ ಉತ್ತರಗಳೇ ಮೆಮೊರಿ ತುಂಬಾ. ಸರಿ, ಯಾರು ಹಿಡಿದಿದ್ದಾರೆ? ನಮ್ಮ ಮ್ಯಾಪ್‌ಗಳನ್ನೆಲ್ಲಾ ಓದಿದೆ. ಕ್ಯಾಶ್ ಆಫ್ ಮಾಡಿದೆ. ಗಾರ್ಬೇಜ್ ಕಲೆಕ್ಟರ್ (ಬೇಡದ ಮೆಮೊರಿನ ಗುಡಿಸೋದು) ಇನ್ನೂ ಬೇಗ ಬೇಗ ಓಡೋ ಹಾಗೆ ಸೆಟ್ಟಿಂಗ್ ತಿರುಗಿಸಿದೆ. ಎರಡು ಗಂಟೆ ಆಯ್ತು. ಮೂರು ಗಂಟೆ ಆಯ್ತು. ಇನ್ನೊಂದು ವಿಚಿತ್ರ ಅಂದ್ರೆ ಸರ್ವೀಸು ಒಂಚೂರೂ ನಿಧಾನ ಆಗಿರ್ಲಿಲ್ಲ, ಬಂದ ರಿಕ್ವೆಸ್ಟಿಗೆಲ್ಲಾ ಪಟ್ ಅಂತ ಉತ್ತರ ಕೊಡ್ತಿತ್ತು, ಅದಕ್ಕೇ ಏನೋ ಸಿಕ್ಕಿಹಾಕ್ಕೊಂಡು ನಿಂತಿದೆ ಅನ್ನೋ ಅನುಮಾನಾನೇ ನನಗೆ ಬರ್ಲಿಲ್ಲ. ಜಾವಾದಲ್ಲಿ ಥ್ರೆಡ್ಡು (ಒಂದೇ ಹೊತ್ತಿಗೆ ಓಡೋ ಕೆಲಸಗಳಲ್ಲಿ ಒಂದು) ಸಿಕ್ಕಿಹಾಕ್ಕೊಂಡ್ರೆ ಗೊತ್ತಾಗೋ ದಾರಿನೇ ಬೇರೆ. ಥ್ರೆಡ್ಡಿಗೆ ಪೂಲ್, ಅಂದ್ರೆ ಇಷ್ಟೇ ಅಂತ ಎಣಿಸಿಟ್ಟ ಗುಂಪು, ಇರುತ್ತೆ, ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್ ತಾನಾಗೇ ಇಟ್ಕೊಳ್ಳೋ ಮಿತಿ 200, ಅಷ್ಟೂ ಸಿಕ್ಕಿಹಾಕ್ಕೊಂಡ್ರೆ ಮುಂದಿನ ರಿಕ್ವೆಸ್ಟು ಸಾಲಲ್ಲಿ ನಿಲ್ಲುತ್ತೆ, ಕಸ್ಟಮರ್ ಬಾಯಿ ಬಡ್ಕೋತಾನೆ. ಮೆಮೊರಿ ಅಲ್ಲಾಡೋದೂ ಇಲ್ಲ.

ನಾಲ್ಕು ಗಂಟೆಗೆ ಸಿರಾ ಹುಡುಗನಿಗೆ ಮೆಸೇಜ್ ಹಾಕಿದೆ, ಮಲಗಿರ್ತಾನೆ ಅಂದ್ಕೊಂಡು. ಎದ್ದಿದ್ದ. ಒಂದೇ ಸಾಲು ಬರೆದ: "ಅಕ್ಕ, ಗೋರೂಟೀನ್ ಎಷ್ಟಿದೆ ನೋಡಿದ್ರಾ?"

ಗೋರೂಟೀನ್ ಅಂದ್ರೆ ಗೋದಲ್ಲಿ ಥ್ರೆಡ್ಡಿನ ಜಾಗದಲ್ಲಿ ಬಳಸೋ, ಅದಕ್ಕಿಂತ ಹಗುರವಾದ್ದು. ನೋಡಿದೆ, 38,000 ಚಿಲ್ಲರೆ. ಹಗಲು ಹೊತ್ತು 300 ಇರೋ ಜಾಗದಲ್ಲಿ. ಎಲ್ಲಾ ಒಂದೇ ಫೈಲು, ಒಂದೇ ಸಾಲಲ್ಲಿ ನಿಂತಿದ್ವು. ಆ ಸಾಲು ಬರೆದಿದ್ದು ನಾನು.

ಆಗಿದ್ದಿಷ್ಟೇ. ಹೊರಗಿನ ಸರ್ವೀಸನ್ನ ಕೇಳೋಕೆ ಒಂದು ಗೋರೂಟೀನ್ ಬಿಡ್ತಿದ್ದೆ, ಅದು ಉತ್ತರ ತಂದು ಚಾನೆಲ್ಲಿಗೆ (ಒಂದು ಗೋರೂಟೀನಿಂದ ಇನ್ನೊಂದಕ್ಕೆ ಡೇಟಾ ದಾಟಿಸೋ ದಾರಿ) ಹಾಕ್ಬೇಕು, ಇತ್ತ ನಾನು ಎರಡು ಸೆಕೆಂಡು ಕಾಯ್ತೀನಿ, ಬರ್ದಿದ್ರೆ ಟೈಮ್‌ಔಟ್ ಅಂತ ಹೇಳಿ ಹೊರಡ್ತೀನಿ. ಜಾವಾದಲ್ಲಿ ಫ್ಯೂಚರ್ (ಮುಂದೆ ಬರೋ ಉತ್ತರ ಇಡೋಕೆ ಒಂದು ಡಬ್ಬಿ) ಇಟ್ಕೊಂಡು ಇದನ್ನ ನೂರಾರು ಸಲ ಬರೆದಿದ್ದೀನಿ. ಅಲ್ಲಿ ನಾನು ಹೊರಟುಹೋದ್ರೂ ಕೆಲಸ ಮಾಡೋ ಥ್ರೆಡ್ಡಿಗೆ ಏನೂ ಆಗಲ್ಲ, ತಡವಾಗಿ ಉತ್ತರ ತರುತ್ತೆ, ಫ್ಯೂಚರ್ ಒಳಗೆ ಇಟ್ಟು ತನ್ನ ಪಾಡಿಗೆ ಹೋಗುತ್ತೆ, ಯಾರೂ ನೋಡ್ದಿದ್ರೆ ಆಮೇಲೆ ಕಸದ ಜೊತೆ ಹೋಗುತ್ತೆ. ಬಫರ್, ಅಂದ್ರೆ ಇಟ್ಟು ಹೋಗೋಕೆ ಜಾಗ, ಇಲ್ಲದ ಚಾನೆಲ್ಲು ಹಾಗಲ್ಲ. ಅಲ್ಲಿ ಇಟ್ಟು ಹೋಗೋ ಹಾಗಿಲ್ಲ, ಕೈಗೇ ಕೊಡ್ಬೇಕು. ಬೆಳಿಗ್ಗೆ ಡೈರಿ ಬಾಗಿಲಲ್ಲಿ ಕ್ಯಾನ್ ಇಟ್ಟು ಬಂದುಬಿಡೋದು ಒಂದು, ಸೆಕ್ರೆಟರಿ ಬಂದು ಹಾಲು ಅಳೆದು ಚೀಟಿ ಕೊಡೋತನಕ ಕ್ಯಾನ್ ಹಿಡ್ಕೊಂಡು ನಿಂತಿರೋದು ಇನ್ನೊಂದು. ನಾನು ಎರಡು ಸೆಕೆಂಡಿಗೆ ಬಾಗಿಲು ಹಾಕ್ಕೊಂಡು ಹೊರಟುಹೋಗ್ತಿದ್ದೆ, ನನ್ನ ಗೋರೂಟೀನ್‌ಗಳು ಉತ್ತರ ಹಿಡ್ಕೊಂಡು ಇನ್ಯಾವತ್ತೂ ಬರದೇ ಇರೋರಿಗೆ ಕಾಯ್ತಾ ನಿಂತಿದ್ವು. ಅವತ್ತು ಸಂಜೆಯಿಂದ ಆ ಹೊರಗಿನ ಸರ್ವೀಸು ನಿಧಾನ ಆಗಿತ್ತು, ಟೈಮ್‌ಔಟ್ ಜಾಸ್ತಿ ಆಯ್ತು, ಸಾಲು ಬೆಳೀತು. ಜಾವಾ ಥ್ರೆಡ್ ಒಂದಕ್ಕೆ ಲಿನಕ್ಸಲ್ಲಿ 1 ಎಂಬಿ ಸ್ಟ್ಯಾಕ್ ಅಂತ ಲೆಕ್ಕ, ಗೋರೂಟೀನ್ ಶುರುವಾಗೋದೇ 2 ಕೆಬಿಯಿಂದ, ಅದಕ್ಕೆ ಪೂಲೂ ಇಲ್ಲ ಮಿತಿನೂ ಇಲ್ಲ. 38,000 ನಿಂತ್ರೂ ಯಾರ ಕಾಲಿಗೂ ಸಿಗಲ್ಲ, ಬರೀ ಮೆಮೊರಿ ತಿನ್ನುತ್ತೆ. ಸರಿ ಮಾಡಿದ್ದು ಒಂದು ಅಂಕಿ ಸೇರಿಸಿ. ಚಾನೆಲ್ ಮಾಡೋವಾಗ ಬಫರ್ 1 ಅಂತ ಕೊಟ್ಟೆ, ಒಂದು ಕ್ಯಾನ್ ಇಡೋಷ್ಟು ಜಾಗ, ಅಷ್ಟೇ.

ನನಗೆ ಗೊತ್ತಿರ್ಲಿಲ್ಲ ಅನ್ನೋ ಕಾರಣಕ್ಕೆ ಆ ತಪ್ಪಾಗಿದ್ದಲ್ಲ, ಇದೇ ನನಗೆ ಮುಖ್ಯ ಅನ್ನಿಸೋದು. ಬಫರ್ ಇಲ್ಲದ ಚಾನೆಲ್ ಕಾಯುತ್ತೆ ಅಂತ ಮೊದಲನೇ ವಾರವೇ ಓದಿದ್ದೆ, ಪರೀಕ್ಷೇಲಿ ಕೇಳಿದ್ರೆ ಸರಿ ಉತ್ತರ ಬರೀತಿದ್ದೆ. ನನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ಅದಕ್ಕೆ ಅಡ್ಡ ನಿಂತಿತ್ತು. ಹುಡುಕೋವಾಗ್ಲೂ ಅಷ್ಟೇ, ಏನೂ ಗೊತ್ತಿಲ್ಲದ ಹೊಸಬನಾಗಿದ್ರೆ ಎಲ್ಲಾ ಪ್ರೊಫೈಲನ್ನೂ ಒಂದೊಂದಾಗಿ ತೆಗೆದು ನೋಡಿ ಹತ್ತು ನಿಮಿಷದಲ್ಲಿ ಅಲ್ಲಿಗೆ ಬರ್ತಿದ್ದ. ನಾನು ಗ್ರಾಫನ್ನ ಗುರುತು ಹಿಡಿದುಬಿಟ್ಟಿದ್ದೆ.

ಹಳದಿ

ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ಅಮ್ಮ ಸೊಪ್ಪು ಕುಯ್ಯೋಕೆ ಹೊರಟಿದ್ಳು. ನಾನೂ ಎದ್ದು ಹೋದೆ, ಹೇಗೂ ನಿದ್ದೆ ಬರ್ತಿರ್ಲಿಲ್ಲ. ತೋಟದಲ್ಲಿ ಕಡ್ಡಿ ಕುಯ್ತಾ ಎಲ್ಲಾ ಹೇಳ್ಕೊಂಡೆ, ಕಂಪ್ಯೂಟರ್ ವಿಷಯ ಅಲ್ಲ, ಗೊತ್ತಿದ್ದದ್ದೇ ಕೈ ಕೊಡ್ತು ಅನ್ನೋದನ್ನ. ಅಮ್ಮ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಬೈವೋಲ್ಟೀನ್ ಮೊದಲನೇ ಬೆಳೆ ನೆನಪಿದೆಯೇನೇ ನಿಂಗೆ" ಅಂದ್ಳು. (ತೆಲುಗಲ್ಲಿ ಹೇಳಿದ್ದು, ಇಲ್ಲಿ ಕನ್ನಡಕ್ಕೆ ತಂದಿದ್ದೀನಿ. ಬೈವೋಲ್ಟೀನ್ ಅಂದ್ರೆ ಬಿಳಿ ಗೂಡು ಕಟ್ಟೋ ರೇಷ್ಮೆ ಹುಳದ ತಳಿ.)

ನೆನಪಿತ್ತು. ಅಮ್ಮ 25 ವರ್ಷ ಸಾಕಿದ್ದು ಮಿಶ್ರತಳಿ, ಮೈಸೂರು ತಳಿ ಬೆರೆತಿದ್ದು, ಗೂಡು ಹಸಿರು ಹಳದಿ ಬಣ್ಣ. ಆ ಹುಳು ಹಣ್ಣಾದ್ರೆ, ಅಂದ್ರೆ ಗೂಡು ಕಟ್ಟೋಕೆ ಸಿದ್ಧ ಆದ್ರೆ, ಮೈ ಹಳದಿ ಆಗುತ್ತೆ. ಬಿಳಿ ಗೂಡಿಗೆ ರೇಟ್ ಜಾಸ್ತಿ, ನೂಲೂ ಉದ್ದ ಬರುತ್ತೆ ಅಂತ ಬೈವೋಲ್ಟೀನಿಗೆ ಬಂದ್ಳು. ಅದೇ ಮನೆ, ಅದೇ ವಿ-ಒನ್ ತಳಿ ಹಿಪ್ಪುನೇರಳೆ ಸೊಪ್ಪು, ಅದೇ ಸ್ಟ್ಯಾಂಡು. ಎಲ್ಲಾ ಚೆನ್ನಾಗೇ ಬಂತು, ಐದನೇ ಹಂತದಲ್ಲಿ ಹುಳು ನನ್ನ ಬೆರಳಿಗಿಂತ ದಪ್ಪ. ಏಳನೇ ದಿನ ಸಂಜೆ ಅಮ್ಮ ಒಂದು ಹುಳ ಎತ್ತಿ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ಳು. ಇನ್ನೊಂದು. ಇನ್ನೊಂದು. ಅಂಗೈ ಮೇಲೆ ಹೊರಳಿಸಿ ಕುತ್ತಿಗೆ ಹತ್ರ ಬಗ್ಗಿ ನೋಡಿದ್ಳು. "ಹಳದಿ ಎದ್ದಿಲ್ಲ. ನಾಳೆ ಬೆಳಿಗ್ಗೆ ಚಂದ್ರಿಕೆಗೆ ಬಿಡೋಣ" ಅಂದ್ಳು. (ಚಂದ್ರಿಕೆ ಅಂದ್ರೆ ಹುಳು ಗೂಡು ಕಟ್ಟೋಕೆ ಬಿಡೋ ತಟ್ಟೆ.) ಆಳುಗಳನ್ನ ವಾಪಸ್ ಕಳಿಸಿದ್ವಿ. ಬೆಳಿಗ್ಗೆ ಹೋಗಿ ನೋಡಿದ್ರೆ ಹುಳು ಸ್ಟ್ಯಾಂಡಿನ ಕಂಬ ಹತ್ತಿತ್ತು, ಹಗ್ಗದ ಮೇಲೆ, ತಿಂದು ಬಿಟ್ಟ ಕಡ್ಡಿ ಸಂದಿ, ಒಣಗಿದ ಎಲೆ ಒಳಗೆ, ಎಲ್ಲಿ ಸಿಕ್ತೋ ಅಲ್ಲಿ ಗೂಡು ಕಟ್ಟೋಕೆ ಶುರು ಮಾಡಿತ್ತು. ಎರಡು ಮೂರು ಹುಳ ಸೇರಿ ಒಂದೇ ಗೂಡು ಕಟ್ಟಿದ್ದೂ ಇತ್ತು. ಎಲೆ ಅಂಟಿದ ಗೂಡನ್ನ ರೀಲರ್‌ಗಳು (ಗೂಡು ಕೊಂಡು ನೂಲು ತೆಗೆಯೋರು) ಮುಟ್ಟಿ ನೋಡಿ ಪಕ್ಕಕ್ಕೆ ಇಡ್ತಾರೆ. ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ಅವತ್ತು ಅಪ್ಪ ಗೂಡಿನ ರಾಶಿ ಮುಂದೆ ಕೂತಿದ್ದು, ಬಂದ ರೀಲರ್‌ಗಳು ಒಂದು ಹಿಡಿ ಎತ್ತಿ ಮತ್ತೆ ಅಲ್ಲೇ ಸುರಿದು ಮುಂದೆ ಹೋಗಿದ್ದು, ನಾನೂ ಜೊತೆಗಿದ್ದು ನೋಡಿದ್ದು.

ಅವತ್ತು ಮನೆಗೆ ಬಂದ ಪಕ್ಕದ ಬೀದಿ ಅಕ್ಕ, ಅಮ್ಮನಿಗಿಂತ ಎರಡು ವರ್ಷ ಮೊದಲೇ ಬೈವೋಲ್ಟೀನ್ ಸಾಕೋಕೆ ಶುರು ಮಾಡಿದ್ದೋರು, ಹೇಳಿದ್ರು: "ಈ ಹುಳ ಹಣ್ಣಾದ್ರೆ ಹಳದಿ ಆಗಲ್ಲಮ್ಮ. ಬೆಳಕಿಗೆ ಹಿಡಿದ್ರೆ ಗಾಜಿನ ಥರ ಕಾಣ್ತದೆ. ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಆಡಿಸ್ತಾ ಇರ್ತದೆ."

ತೋಟದಲ್ಲಿ ಅಮ್ಮ ಹೇಳಿದ್ದು ಇದನ್ನ: "ಸೊಪ್ಪು ಮುಟ್ಟಲ್ಲ, ತಲೆ ಎತ್ತುತ್ತೆ ಅಂತ ನನಗೂ ಗೊತ್ತಿತ್ತು ಕಣೇ. ಮಿಶ್ರತಳೀನೂ ಹಾಗೇ ಮಾಡೋದು. ಆದ್ರೆ ಹಳದಿ ಅಷ್ಟು ಚೆನ್ನಾಗಿ ಕಾಣ್ತಿತ್ತಲ್ಲ, ಅದನ್ನ ಬಿಟ್ಟು ಬೇರೆ ನೋಡೋದು ಯಾವಾಗ್ಲೋ ಬಿಟ್ಟೋಗಿತ್ತು."

ಅವಳು ಕುಡುಗೋಲು ಹಿಡಿದು ಮುಂದಿನ ಸಾಲಿಗೆ ಹೋದ್ಳು, ನಾನು ಕಡ್ಡಿ ಹೊರೆ ಕಟ್ತಾ ಅಲ್ಲೇ ನಿಂತೆ.

ಬಂದಿದ್ದು, ಬರ್ದೇ ಇದ್ದಿದ್ದು

ಹಾಗಾದ್ರೆ 12 ವರ್ಷದ್ದು ಏನೂ ಉಪಯೋಗಕ್ಕೆ ಬರ್ಲಿಲ್ವಾ ಅಂದ್ರೆ, ಬಂತು. ದುಡ್ಡು ಎರಡು ಸಲ ಕಟ್ ಆಗ್ಬಾರದು ಅಂದ್ರೆ ಏನೇನು ಮಾಡ್ಬೇಕು, ಡೇಟಾಬೇಸಲ್ಲಿ ಇಂಡೆಕ್ಸ್ ಯಾವುದಕ್ಕೆ ಬೇಕು, ಹೊರಗಿನೋರ ಸರ್ವೀಸನ್ನ ಯಾಕೆ ನಂಬ್ಬಾರದು, ರಾತ್ರಿ ಹನ್ನೆರಡಕ್ಕೆ ದಿನಾಂಕ ಬದಲಾಗೋವಾಗ ಲೆಕ್ಕ ಎಲ್ಲಿ ತಪ್ಪುತ್ತೆ, ಇದೆಲ್ಲಾ ಒಂಚೂರೂ ಹಾಳಾಗ್ಲಿಲ್ಲ. ಅಮ್ಮನಿಗೆ ಸೊಪ್ಪು ಯಾವಾಗ ಬಲಿತಿದೆ, ಯಾವಾಗ ನೀರು ಜಾಸ್ತಿ ಆಗಿದೆ ಅಂತ ಗೊತ್ತಿದ್ದಿದ್ದು ಹೊಸ ತಳಿಗೂ ಬಂತು. ಸಮಸ್ಯೆಗೆ ಸೇರಿದ್ದು ಬರುತ್ತೆ. ಆದ್ರೆ ಗುರುತುಗಳು, ಇದು ಹೀಗೆ ಕಂಡ್ರೆ ಅದು ಅಂತ ಅರ್ಥ ಅನ್ನೋದು, ಅವು ಭಾಷೆಗೆ ಸೇರಿದ್ದು, ಅದು ಓಡೋ ರೀತಿಗೆ ಸೇರಿದ್ದು. ಸೀನಿಯರ್ ಅಂತ ನಮ್ಮನ್ನ ಕರೆಯೋದು, ಸಂಬಳ ಕೊಡೋದು ಬಹಳ ಮಟ್ಟಿಗೆ ಆ ಗುರುತುಗಳಿಗೇ. ಬರೆಯೋ ವೇಗಕ್ಕಲ್ಲ. ಏನೋ ಕೆಟ್ಟಾಗ ಎಲ್ಲಿ ನೋಡ್ಬೇಕು ಅಂತ ಗೊತ್ತಿರೋದಕ್ಕೆ. "ಸಿಂಟ್ಯಾಕ್ಸ್ ಅಷ್ಟೇ ಬೇರೆ" ಅನ್ನೋ ಮಾತು ಬಿಟ್ಟು ಹೋಗಿರೋದು ಇದನ್ನೇ.

ಈ ಮಾತಿಂದ ಕೆಡೋದು ಇನ್ನೊಂದಿದೆ. ಎರಡು ವಾರ ಸಾಕು ಅಂದ್ಮೇಲೆ ಮೂರನೇ ತಿಂಗಳಲ್ಲೂ ಗೊತ್ತಾಗ್ತಿಲ್ಲ ಅಂತ ಹೇಳ್ಕೊಳ್ಳೋಕೆ ಬಾಯಿ ಬರಲ್ಲ. ಆ ರಾತ್ರಿ ನಾನು ಅವನಿಗೆ ಹನ್ನೆರಡು ಗಂಟೆಗೇ ಮೆಸೇಜ್ ಹಾಕ್ಬೋದಿತ್ತು. ಹಾಕ್ಲಿಲ್ಲ. ಆ ನಾಲ್ಕು ಗಂಟೆ ಪೂರ್ತಿ ಗೋ ಮೇಲೆ ಹೋಗ್ಲಿಲ್ಲ, ಅರ್ಧ ಆ ಸಂಕೋಚದ ಮೇಲೆ ಹೋಯ್ತು. ಟೀಮ್ ನಡೆಸೋರು ಯಾರಾದ್ರೂ ಇದನ್ನ ಓದ್ತಿದ್ರೆ ನನ್ನದೊಂದು ಕೋರಿಕೆ: ಭಾಷೆ ಬದಲಾಯಿಸೋವಾಗ ಕಲಿಯೋಕೆ ಎಷ್ಟು ದಿನ ಅಂತ ಕೇಳೋದ್ರ ಜೊತೆಗೆ, ಆನ್‌ಕಾಲಲ್ಲಿ (ಅಲರ್ಟ್ ಬಂದ್ರೆ ಎದ್ದು ನೋಡೋ ಪಾಳಿ) ಒಬ್ರನ್ನೇ ಯಾವಾಗಿಂದ ಕೂರಿಸ್ಬೋದು ಅಂತಲೂ ಕೇಳಿ. ಅವೆರಡಕ್ಕೂ ಉತ್ತರ ಒಂದಲ್ಲ. ನಮ್ಮಲ್ಲಿ ಈಗ ಮೊದಲ ಆರು ತಿಂಗಳು ಜೋಡಿ ಹಾಕ್ತೀವಿ, ಹಳಬರು ಒಬ್ರು ಹೊಸಬರು ಒಬ್ರು, ವಯಸ್ಸು ಅನುಭವ ನೋಡಲ್ಲ. ನಾನು ಕೇಳಿ ಮಾಡ್ಸಿದ್ದು.

ನಾನು ನನಗೆ ಮಾಡ್ಕೊಂಡಿದ್ದು ಎರಡು. ಒಂದು, ಗೋ ಜೊತೆ ಬರೋ ಸ್ಟ್ಯಾಂಡರ್ಡ್ ಲೈಬ್ರರೀನ ಓದೋದು. ಅದು ಹೆಚ್ಚುಕಮ್ಮಿ ಪೂರ್ತಿ ಗೋದಲ್ಲೇ ಬರ್ದಿರೋದ್ರಿಂದ ಯಾವ ಫಂಕ್ಷನ್ ಮೇಲೆ ಒತ್ತಿದ್ರೂ ಒಳಗೆ ಹೋಗಿ ನೋಡ್ಬೋದು, ಎಚ್‌ಟಿಟಿಪಿ ಸರ್ವರ್ (ವೆಬ್ ರಿಕ್ವೆಸ್ಟಿಗೆ ಉತ್ತರ ಕೊಡೋದು) ಒಂದೊಂದು ಕನೆಕ್ಷನ್ನಿಗೂ ಗೋರೂಟೀನ್ ಹೇಗೆ ಬಿಡುತ್ತೆ ಅಂತ ಅಲ್ಲೇ ಕಾಣುತ್ತೆ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಹಳೇ ಲೆಕ್ಕಪುಸ್ತಕ ಓದೋ ಹಾಗೆ. ಇನ್ನೊಂದು, ಗೊತ್ತಿದ್ದು ಬೇಕು ಅಂತಲೇ ಕೆಡಿಸೋದು. ನನ್ನ ಲ್ಯಾಪ್‌ಟಾಪಲ್ಲಿ ಚಿಕ್ಕ ಸರ್ವೀಸ್ ಇಟ್ಕೊಂಡು ಅದಕ್ಕೆ ಒಂದೊಂದೇ ರೋಗ ತರಿಸ್ತೀನಿ: ಚಾನೆಲ್ಲಲ್ಲಿ ನಿಲ್ಲಿಸೋದು, ಲಾಕ್ ಬಿಡ್ದೇ ಇರೋದು, ರೆಸ್ಪಾನ್ಸ್ ಬಾಡಿ ಮುಚ್ಚದೇ ಬಿಡೋದು. ಆಮೇಲೆ ಗ್ರಾಫ್ ಹೇಗೆ ಕಾಣುತ್ತೆ ನೋಡಿ ನೋಟ್‌ಬುಕ್ಕಲ್ಲಿ ಕೈಯಲ್ಲೇ ಬಿಡಿಸಿಟ್ಕೊಂಡಿದ್ದೀನಿ. 14 ಚಿತ್ರ ಆಗಿದೆ ಇಲ್ಲಿವರೆಗೆ. ಗರಗಸದ ಚಿತ್ರ ಅದ್ರಲ್ಲಿ ಮೂರು ಕಡೆ ಬರುತ್ತೆ, ಮೂರಕ್ಕೂ ಕಾರಣ ಬೇರೆ.

ಜಾವಾನ ಬಿಟ್ಟೆ ಅಂತಲೂ ಅಲ್ಲ. 2023ರಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ಡು ಬಂದಿದೆ, ಅದೂ ಗೋರೂಟೀನ್ ಥರಾನೇ ಹಗುರ, ಅದಕ್ಕೂ ಪೂಲ್ ಮಾಡ್ಬೇಡಿ ಅಂತಲೇ ಹೇಳ್ತಾರೆ. ಅಂದ್ರೆ ಥ್ರೆಡ್ ಸಿಕ್ಕಿಹಾಕ್ಕೊಂಡ್ರೆ ಸಾಲು ನಿಲ್ಲುತ್ತೆ ಅನ್ನೋ ನನ್ನ ಹಳೇ ಗುರುತು ಜಾವಾದಲ್ಲೇ ಇದ್ದಿದ್ರೂ ನಾಳೆ ಹಾಗೇ ಉಳೀತಿತ್ತು ಅಂತ ಹೇಳೋಕಾಗಲ್ಲ.

ಹೋದ ತಿಂಗಳು ಅಮ್ಮನ್ನ ಕೇಳಿದೆ, ಈ ಹುಳದ ಹಣ್ಣು ನಿನಗೆ ಕಣ್ಣಿಗೆ ಹತ್ತೋಕೆ ಎಷ್ಟು ಬೆಳೆ ಬೇಕಾಯ್ತು ಅಂತ. ಬೆರಳು ಮಡಚಿ ಎಣಿಸಿದ್ಳು. "ಐದನೇ ಬೆಳೇಲಿ ಬಂತು ಅನ್ಕೊಂಡೆ. ಬೇಸಿಗೇಲಿ ಮತ್ತೆ ತಪ್ತು, ಬಿಸಿಲಿಗೆ ಒಂದು ದಿನ ಮೊದಲೇ ಹಣ್ಣಾಗ್ಬಿಡ್ತು. ಈಗ್ಲೂ ಬೇಸಿಗೇಲಿ ಆರನೇ ದಿನದಿಂದಲೇ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡ್ತೀನಿ."

ಈ ಬೆಳೆ ಶನಿವಾರಕ್ಕೆ ಹಣ್ಣಾಗ್ಬೋದು ಅಂತಾಳೆ. ಶುಕ್ರವಾರ ರಾತ್ರಿ ಆನ್‌ಕಾಲ್ ನನ್ನದೇ, ಜೋಡಿ ಸಿರಾ ಹುಡುಗ. ಲ್ಯಾಪ್‌ಟಾಪನ್ನ ಹುಳುಮನೆ ಬಾಗಿಲ ಹತ್ರ ಸ್ಟೂಲ್ ಮೇಲೆ ಇಟ್ಕೋತೀನಿ ಅಂದಿದ್ದೀನಿ, ಟಾರ್ಚಿಗೆ ಹೊಸ ಸೆಲ್ ತರ್ಬೇಕು.